ಬೇಕರಿಯಣ್ಣನ ನಾಲಿಗೆ

"ಇನ್ನೊಂದ್ಸಲ ಎಣಿಸಿ," ಎಂದರು ಇನ್‌ಸ್ಪೆಕ್ಟರ್.

ಆಗಲೇ ಮೂರು ಸಲ ಎಣಿಸಿದ್ದೆ. ನಾಲ್ಕನೆಯ ಸಲವೂ ಎಣಿಸಿದೆ. ಬೇಕರಿಯ ಹಿಂದಿನ ಕೋಣೆಯಲ್ಲಿ, ಹಿಟ್ಟು ನಾದುವ ಉದ್ದ ಮೇಜಿನ ಮೇಲೆ, ಬಿಪಿ ಮಾತ್ರೆಯ ಎರಡು ಸ್ಟ್ರಿಪ್ಪುಗಳನ್ನು ಅಕ್ಕಪಕ್ಕ ಇಟ್ಟಿದ್ದೆ. ಹದಿನೈದರ ಮೊದಲ ಸ್ಟ್ರಿಪ್ಪು ಪೂರ್ತಿ ಖಾಲಿ. ಎರಡನೆಯದರಲ್ಲಿ ಒಂಬತ್ತು ಉಳಿದಿದ್ದವು. ಡಾಕ್ಟರು ಮಾತ್ರೆ ಬದಲಾಯಿಸಿದ ಮೇಲೆ ಬೇಕರಿಯಣ್ಣ ಬದುಕಿದ್ದು ಇಪ್ಪತ್ತೊಂದು ದಿನ, ನುಂಗಿದ್ದು ಇಪ್ಪತ್ತೊಂದು ಮಾತ್ರೆ. ಹೆಸರು ಸರಿ, ತಾರೀಖು ಸರಿ, ಲೆಕ್ಕವೂ ಸರಿ.

"ಸರ್, ಇದಕ್ಕಿಂತ ಸರಿಯಾಗಿ ಮಾತ್ರೆ ಕೊಡೋದು ಯಾರ ಕೈಲೂ ಆಗಲ್ಲ," ಎಂದೆ.

"ಮಾತ್ರೆ ಸರಿ ಇದ್ರೆ ರಕ್ತದಲ್ಲಿ ಅಷ್ಟೊಂದು ಪೊಟ್ಯಾಷಿಯಂ ಎಲ್ಲಿಂದ ಬಂತು? ಆಕಾಶದಿಂದ ಉದುರಿತಾ?"

ಸ್ಟ್ರಿಪ್ಪುಗಳನ್ನು ತಿರುವಿ ಮತ್ತೆ ಮೇಜಿನ ಮೇಲಿಟ್ಟೆ. ಮೈಯೆಲ್ಲ ಉರಿಯುತ್ತಿತ್ತು.

ಮೊನ್ನೆ ಬೆಳಿಗ್ಗೆ ಬೇಕರಿಯಣ್ಣ ಭಟ್ಟಿಯ ಮುಂದೆಯೇ ಕುಸಿದು ಬಿದ್ದರು. ಆಸ್ಪತ್ರೆಯಲ್ಲಿ ಮುಕ್ಕಾಲು ಗಂಟೆ ಉಸಿರಾಡುತ್ತಿದ್ದರು. ಆಗ ತೆಗೆದ ರಕ್ತದಲ್ಲಿ ಹೃದಯವನ್ನೇ ನಿಲ್ಲಿಸುವಷ್ಟು ಪೊಟ್ಯಾಷಿಯಂ ಇತ್ತು. ಯಾರೋ ಪೊಟ್ಯಾಷಿಯಂ ಮಾತ್ರೆ ಕೊಟ್ಟಿರಬೇಕು ಎಂದು ಅಲ್ಲಿನ ಡಾಕ್ಟರು ಬರೆದುಬಿಟ್ಟರು. ಬೇಕರಿಯಣ್ಣನಿಗೆ ಮಾತ್ರೆ ಕೊಡುತ್ತಿದ್ದವನು ಒಬ್ಬನೇ, ನನ್ನ ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಲ್ಲುವ ನನ್ನ ಒಡಹುಟ್ಟಿದ ತಮ್ಮ. ನಿನ್ನೆ ಸಂಜೆಯಿಂದ ಅವನು ಲಾಕಪ್ಪಿನಲ್ಲಿದ್ದಾನೆ. ಇವತ್ತು ನಾಲ್ಕು ಗಂಟೆಗೆ ಕೋರ್ಟಿಗೆ ಕರೆದೊಯ್ಯುತ್ತಾರೆ, ಕೊಲೆ ಕೇಸಿನ ಮೇಲೆ.

ಅವನ ಬಾಯಿಯೂ ಅವನಿಗೆ ಶತ್ರುವಾಗಿತ್ತು. ಬೇಕರಿಯಣ್ಣ ಬೆನ್ನುನೋವಿಗೆಂದು ಬೇರೆ ಅಂಗಡಿಯಿಂದ ನೋವಿನ ಮಾತ್ರೆ ತಂದು ಕಡಲೆಕಾಯಿಯಂತೆ ಮುಕ್ಕುತ್ತಿದ್ದರು. ಬಿಪಿ ಮಾತ್ರೆಯ ಜೊತೆ ಅದು ಸೇರಿದರೆ ಮೂತ್ರಪಿಂಡಕ್ಕೆ ಪೆಟ್ಟು. ತಮ್ಮ ಹೇಳಿ ಹೇಳಿ ಸಾಕಾಗಿ, ಹೋದ ವಾರ ಅಂಗಡಿ ತುಂಬ ಜನರಿರುವಾಗ ಕೂಗಿದ್ದ, "ಹಿಂಗೇ ಮಾಡ್ತಾ ಇದ್ರೆ ಒಂದು ತಿಂಗಳಲ್ಲಿ ಮೇಲೆ ಹೋಗ್ತೀರ!" ಆಗ ಅಲ್ಲಿದ್ದ ಏಳು ಗಿರಾಕಿಗಳಲ್ಲಿ ಒಬ್ಬರಿಗೂ ನೋವಿನ ಮಾತ್ರೆಯ ವಿಷಯ ನೆನಪಿಲ್ಲ. ಮೇಲೆ ಹೋಗುವ ವಿಷಯ ಮಾತ್ರ ಎಲ್ಲರಿಗೂ ಬಾಯಿಪಾಠ.

"ನಾನು ಕೊಟ್ಟಿಲ್ಲ ಅಂತ ಒಂದು ಮಾತು ಅನ್ಲಿ ಅವನು," ಎಂದರು ಇನ್‌ಸ್ಪೆಕ್ಟರ್. "ಅದನ್ನೂ ಅನ್ನಲ್ಲ. ಎಷ್ಟು ಕೇಳಿದ್ರೂ ಎಮ್ಮೆ ಮೇಲೆ ಮಳೆ ಸುರಿದ ಹಾಗೆ ಕೂತಿದ್ದಾನೆ. ಏನೂ ಮಾಡದೋನು ಹಾಗೆ ಕೂರ್ತಾನಾ?"

ನನಗೂ ಅದೇ ಅರ್ಥವಾಗುತ್ತಿರಲಿಲ್ಲ. ನನ್ನ ತಮ್ಮ ನಿದ್ದೆಯಲ್ಲೂ ಮಾತಾಡುವವನು. ಅಂಥವನು ಸುಮ್ಮನಿದ್ದಾನೆ ಎಂದರೆ ಅವನ ತಲೆಯಲ್ಲಿ ಏನೋ ಓಡುತ್ತಿದೆ ಎಂದೇ ಲೆಕ್ಕ. ಏನು ಎಂದು ಕೇಳೋಣವೆಂದರೆ ನನ್ನನ್ನು ಒಳಗೆ ಬಿಡುತ್ತಿರಲಿಲ್ಲ.

ಇನ್‌ಸ್ಪೆಕ್ಟರಿಗೂ ಬಿಪಿ ಇದೆ. ಅವರ ಮಾತ್ರೆ ಹೋಗುವುದು ನಮ್ಮ ಅಂಗಡಿಯಿಂದಲೇ. ಆ ಅಂಗಡಿಗೆ ನಿನ್ನೆ ಸೀಲು ಹಾಕಿದವರೂ ಅವರೇ.

"ನಾಳಿದ್ದಿಗೆ ನಿಮ್ಮ ಮಾತ್ರೆ ಮುಗಿಯುತ್ತೆ. ಸೀಲು ಹಾಕೋವಾಗ ಅದು ಹೊಳೀಲಿಲ್ವಾ?" ಎಂದೆ.

"ಅಕ್ಕ, ನನ್ನ ಬಿಪಿ ಏರಿಸ್ಬೇಡಿ. ಸ್ಟೇಷನ್ನಿಗೆ ಹೋಗಿ ಹನ್ನೆರಡಕ್ಕೆ ಬರ್ತೀನಿ. ಅಷ್ಟರಲ್ಲಿ ಏನಾದ್ರೂ ಸಿಕ್ಕಿದ್ರೆ ತೋರ್ಸಿ. ಸಿಗದಿದ್ರೆ ನನ್ನನ್ನ ಬೈಬೇಡಿ."

ಅವರು ಹೋದರು. ಗೋಡೆಯ ಗಡಿಯಾರದಲ್ಲಿ ಹನ್ನೊಂದಾಗಿತ್ತು.

ಕೋಣೆಯಲ್ಲಿ ಉಳಿದದ್ದು ನಾವು ಮೂವರು. ಬೇಕರಿಯಣ್ಣನ ಹೆಂಡತಿ ಹಿಟ್ಟಿನ ಚೀಲದ ಮೇಲೆ ಕೂತಿದ್ದರು. ಬೀದಿಗೆಲ್ಲ ಅವರು ಅತ್ತಿಗೆ, ನನಗೂ ಅತ್ತಿಗೆಯೇ. ವಯಸ್ಸಿನಲ್ಲಿ ನನಗಿಂತ ದೊಡ್ಡವರಾದರೂ ನನ್ನನ್ನು ಅಕ್ಕ ಅನ್ನುತ್ತಾರೆ. ಔಷಧಿ ಅಂಗಡಿ ಇಟ್ಟವಳು ಊರಿಗೆಲ್ಲ ಮಾತ್ರೆಯಕ್ಕ. ಭಟ್ಟಿಯ ಬಾಗಿಲ ಹತ್ತಿರ ನಿಂತಿದ್ದವನು ಅತ್ತಿಗೆಯ ಮೈದುನ. ಅಣ್ಣ ಹಿಟ್ಟು ನೋಡಿಕೊಂಡರೆ ಇವನು ಭಟ್ಟಿ ನೋಡಿಕೊಳ್ಳುತ್ತಿದ್ದ. ಇನ್ನು ಮುಂದೆ ಎರಡೂ ಇವನದೇ.

"ಅತ್ತಿಗೆ, ಅಣ್ಣ ಏನೇನು ತಿಂತಿದ್ರು ಹೇಳಿ."

"ಏನೂ ತಿಂತಿರ್ಲಿಲ್ಲ."

ಇಪ್ಪತ್ತಾರು ವರ್ಷದಿಂದ ಅಂಗಡಿ ನಡೆಸುತ್ತಿದ್ದೇನೆ. ಜನ ನನ್ನ ಹತ್ತಿರ ಮೂಲವ್ಯಾಧಿಯ ವಿಷಯ ಹೇಳುತ್ತಾರೆ, ಗಂಡನ ಗೊರಕೆ, ಮಗಳ ಪ್ರೇಮಪ್ರಕರಣ ಹೇಳುತ್ತಾರೆ. ಬಾಯಿಗೆ ಏನು ಹಾಕಿಕೊಳ್ಳುತ್ತಾರೆ ಎನ್ನುವುದನ್ನು ಮಾತ್ರ ಹೇಳುವುದಿಲ್ಲ. ಯಾರೋ ಹೇಳಿದ ಕಷಾಯ, ಪಕ್ಕದ ಮನೆಯವರ ಗುಳಿಗೆ, ಜಾಹೀರಾತಿನ ಪುಡಿ ಎಲ್ಲ ಒಳಗೆ ಹೋಗಿರುತ್ತದೆ. ಕೇಳಿದರೆ ಏನೂ ಇಲ್ಲ. ಒಂದೊಂದು ದಿನ ತಲೆ ಚಚ್ಚಿಕೊಳ್ಳುವ ಹಾಗಾಗುತ್ತದೆ.

"ಏನೂ ಇಲ್ಲ ಅಂದ್ರೆ ಗಾಳಿ ಕುಡ್ಕೊಂಡಿದ್ರಾ ಅತ್ತಿಗೆ? ನಾಲ್ಕು ಗಂಟೆಗೆ ನನ್ನ ತಮ್ಮನ್ನ ಜೈಲಿಗೆ ಹಾಕ್ತಾರೆ. ಸರಿಯಾಗಿ ಹೇಳಿ."

"ಎಲ್ಲರೂ ತಿನ್ನೋದೇ ಅವರೂ ತಿಂತಿದ್ರು. ಬ್ರೆಡ್ಡು, ಮೊಟ್ಟೆ, ಸೂಪು, ತರಕಾರಿ. ಒಂದೇ ಪಾತ್ರೇಲಿ ಮಾಡಿದ್ದನ್ನ ಮೂರು ಜನವೂ ಉಂಡಿದ್ದೀವಿ. ನನಗೇನಾಗಿದೆ? ಇವನಿಗೇನಾಗಿದೆ?"

ನಾನು ಎಲ್ಲಿಂದ ಹೊರಟರೂ ಕೊನೆಗೆ ಬಂದು ಹಣೆ ಹೊಡೆದುಕೊಳ್ಳುತ್ತಿದ್ದುದು ಇದೇ ಗೋಡೆಗೆ. ಹೊಸ ಮಾತ್ರೆಗೆ ಒಂದು ಗುಣವಿದೆ. ಅದು ಪೊಟ್ಯಾಷಿಯಂ ಅನ್ನು ಮೈಯಿಂದ ಹೊರಗೆ ಹೋಗಲು ಸುಲಭಕ್ಕೆ ಬಿಡುವುದಿಲ್ಲ. ಆದರೆ ಹಿಡಿದಿಡುವುದು ಬೇರೆ, ತಂದು ತುಂಬುವುದು ಬೇರೆ. ಮೂರು ವಾರ ದಿನಾ ಯಾರೋ ತುಂಬಿದ್ದಾರೆ.

"ಅಣ್ಣನ ಊಟಕ್ಕೆ ನಾನೇನೂ ಹಾಕಿಲ್ಲ," ಎಂದ ಮೈದುನ.

ಅವನನ್ನು ಯಾರೂ ಏನೂ ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ನಾನು ಅವನ ಕಡೆ ತಿರುಗಿದೆ. ಅವನು ತಕ್ಷಣ ಕಪಾಟಿನ ಕಡೆ ಕಣ್ಣು ಹಾಯಿಸಿ ಮತ್ತೆ ನೆಲ ನೋಡಿದ. ಕಪಾಟಿನಲ್ಲಿ, ಯೀಸ್ಟ್ ಡಬ್ಬಗಳ ಹಿಂದೆ, ಒಂದು ಬಾಟಲಿ ಇತ್ತು. ತೆಗೆದು ಮೂಸಿದೆ. ಹಣ್ಣಿನ ರಸ, ಹುಳಿಯಾಗಿಹೋಗಿತ್ತು.

"ಏನಿದು?"

"ಚಕ್ಕೋತದ ರಸ. ಬೆಳಿಗ್ಗೆ ಹೊತ್ತು ಅಣ್ಣನಿಗೆ ಕೊಡ್ತಿದ್ದೆ. ಬಿಪಿಗೆ ಒಳ್ಳೇದು ಅಂತ ಯಾರೋ ಹೇಳಿದ್ರು."

"ಈ ಯಾರೋ ಅನ್ನೋನು ಸಿಕ್ಕಿದ್ರೆ ಮೊದಲು ಅವನ ಮೇಲೆ ಕೇಸು ಹಾಕಿಸ್ತೀನಿ. ಯಾಕೆ ಬಚ್ಚಿಟ್ಟೆ?"

"ನಿಮಗೆ ಹೆದರಿ ಅಕ್ಕ. ನೀವು ಬೈತೀರ."

ಒಂದು ಗಳಿಗೆ ನನ್ನ ಎದೆ ಹಗುರಾಯಿತು. ಬಿಪಿಯ ಕೆಲವು ಮಾತ್ರೆಗಳಿಗೂ ಚಕ್ಕೋತಕ್ಕೂ ಆಗಿಬರುವುದಿಲ್ಲ, ಬಿಪಿ ಬೇಕಾದ್ದಕ್ಕಿಂತ ಕೆಳಗಿಳಿದುಬಿಡುವ ಅಪಾಯವಿದೆ. ಆದರೆ ಮುಂದಿನ ಗಳಿಗೆಯಲ್ಲೇ ನೆನಪಾಯಿತು, ಆ ಜಾತಿಯದು ಬೇಕರಿಯಣ್ಣನ ಹಳೆಯ ಮಾತ್ರೆ, ಹೊಸದಲ್ಲ. ಒಂದು ಲೋಟ ರಸದಿಂದ ಅಷ್ಟು ಪೊಟ್ಯಾಷಿಯಂ ಬರುವುದೂ ಇಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಬಾಟಲಿಯನ್ನು ಮೇಜಿನ ಮೇಲೆ ಕುಕ್ಕಿದೆ.

"ಈಚೆಗೆ ಅದನ್ನೂ ಅವರು ಕುಡೀತಿರ್ಲಿಲ್ಲ," ಎಂದ ಮೈದುನ ನನ್ನ ಸಿಟ್ಟು ನೋಡಿ. "ನಾಲಿಗೆ ಕೆಟ್ಟಿದೆ ಅಂತಿದ್ರು."

"ನಾಲಿಗೆ ಕೆಟ್ಟಿದೆ ಅಂದ್ರೆ?"

"ರುಚಿ ಗೊತ್ತಾಗ್ತಿಲ್ಲ ಅಂತ."

ಬೇಕರಿಯಣ್ಣನ ಬಾಯಿಂದ ಈ ಮಾತು ಬಂತೆಂದರೆ ನಂಬುವುದು ಕಷ್ಟ. ಈ ಬೇಕರಿಯಲ್ಲಿ ಹಿಟ್ಟಿಗೆ ತಕ್ಕಡಿ ಇದೆ, ಸಕ್ಕರೆಗೆ ತಕ್ಕಡಿ ಇದೆ, ಉಪ್ಪಿಗೆ ಮಾತ್ರ ಇಲ್ಲ. ಪ್ರತಿ ಸಲ ಹಿಟ್ಟು ನಾದಿದ ಮೇಲೆ ಬೇಕರಿಯಣ್ಣ ಒಂದು ಚೂರು ಕಿತ್ತು ನಾಲಿಗೆಯ ಮೇಲಿಟ್ಟು ಕಣ್ಣು ಮುಚ್ಚುತ್ತಿದ್ದರು. ಸಾಲದು ಅಂದರೆ ಇನ್ನೊಂದು ಚಿಟಿಕೆ, ಹೂಂ ಅಂದರೆ ಭಟ್ಟಿಗೆ. ಮೂವತ್ತು ವರ್ಷ ಈ ಬ್ರೆಡ್ಡಿನ ರುಚಿ ಹೆಚ್ಚುಕಡಿಮೆ ಆದದ್ದನ್ನು ನಾನು ಕಂಡಿಲ್ಲ.

"ಹಾಗಾದ್ರೆ ಬ್ರೆಡ್ಡಿನ ಉಪ್ಪು ಏರುಪೇರು ಆಗಿರ್ಬೇಕಲ್ಲ?"

"ಇಲ್ಲಕ್ಕ. ಅದೇ ಸೋಜಿಗ. ಒಂದು ದಿನವೂ ಆಗಿಲ್ಲ. ಸಾಯೋ ದಿನ ಬೆಳಿಗ್ಗೆನೂ ಹಿಟ್ಟು ಬಾಯಿಗಿಟ್ಟು ಸರಿಯಾಗಿದೆ ಅಂದ್ರು. ಸರಿಯಾಗೇ ಇತ್ತು."

"ಮತ್ತೆ ಕೆಟ್ಟಿದ್ದು ಯಾವುದು?"

"ಮನೆ ಊಟ. ಸಪ್ಪೆ ಅಂತಿದ್ರು. ಆಮೇಲೆ ಹಿಂದಿನಿಂದ ಒಂಥರಾ ಕಹಿ ಬರುತ್ತೆ ಅಂತಿದ್ರು. ವಯಸ್ಸಾಯ್ತು ಅಂತ ನಾವೆಲ್ಲ ನಕ್ಕಿದ್ವಿ."

ಬೇಕರಿ ಕೆಳಗೆ, ಮನೆ ಮೇಲೆ, ನಡುವೆ ಹದಿನಾಲ್ಕು ಮೆಟ್ಟಿಲು. ಕೆಳಗೆ ಸರಿಯಾಗಿದ್ದ ನಾಲಿಗೆ ಹದಿನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ಕೆಡುವುದಿಲ್ಲ. ಕೆಟ್ಟದ್ದು ನಾಲಿಗೆಯಲ್ಲ.

ನಾನು ಮೆಟ್ಟಿಲ ಕಡೆ ಓಡಿದೆ.

"ಅಕ್ಕ, ಅಡುಗೆಮನೆ ಚೆಲ್ಲಾಪಿಲ್ಲಿಯಾಗಿದೆ!" ಎನ್ನುತ್ತ ಅತ್ತಿಗೆ ಹಿಂದೆಯೇ ಬಂದರು.

ಸಣ್ಣ ಅಡುಗೆಮನೆ. ಎರಡು ದಿನದ ಪಾತ್ರೆಗಳು ತೊಟ್ಟಿಯಲ್ಲೇ ಇದ್ದವು. ಒಲೆಯ ಪಕ್ಕದಲ್ಲಿ, ಬಾಯಿ ಸ್ವಲ್ಪ ಒಡೆದ ಬಿಳಿ ಪಿಂಗಾಣಿ ಜಾಡಿ. ಮುಚ್ಚಳ ತೆಗೆದು ಒಂದು ಚಿಟಿಕೆ ಉಪ್ಪು ನಾಲಿಗೆಗೆ ಹಾಕಿಕೊಂಡೆ. ಮೊದಲು ಉಪ್ಪು. ಆಮೇಲೆ ಕಬ್ಬಿಣದ ಬೀಗ ನೆಕ್ಕಿದಂಥ ಕಹಿ, ಗಂಟಲಿನವರೆಗೂ ಹೋಯಿತು.

"ಅತ್ತಿಗೆ, ಯಾವ ಉಪ್ಪು ಇದು?"

"ಉಪ್ಪು ಉಪ್ಪೇ ಅಲ್ವಾ."

"ಅಲ್ಲ. ಇದರಲ್ಲಿ ಅರ್ಧದಷ್ಟು ನಾವು ತಿನ್ನೋ ಉಪ್ಪೇ ಅಲ್ಲ, ಪೊಟ್ಯಾಷಿಯಂ. ಇದನ್ನ ಜನ ಬಿಪಿ ಉಪ್ಪು ಅಂತಾರೆ. ಇದೇ ಅಲ್ವಾ?"

ಅತ್ತಿಗೆ ತೊಟ್ಟಿಯ ಅಂಚು ಹಿಡಿದು ನಿಂತರು. ತಲೆ ಅಲ್ಲಾಡಿಸಿದರು, ಹೌದು ಎಂದು.

"ಅವರಿಗೆ ಗೊತ್ತಾದ್ರೆ ರೋಗಿ ಊಟ ಅಂತ ತಟ್ಟೆ ತಳ್ತಿದ್ರು. ಅದಕ್ಕೇ ಹೇಳ್ದೆ ಹಳೇ ಜಾಡಿಗೇ ಸುರಿದೆ. ಒಳ್ಳೇದಕ್ಕೇ ಮಾಡಿದ್ದು ಅಕ್ಕ. ನಾವೂ ಅದನ್ನೇ ತಿಂದ್ವಲ್ಲ!"

"ನೀವು ತಿಂದ್ರೆ ಹೆಚ್ಚಾಗಿದ್ದು ಮೂತ್ರದಲ್ಲಿ ಹೊರಗೆ ಹೋಗುತ್ತೆ. ಅಣ್ಣನಿಗೆ ಹೊಸ ಮಾತ್ರೆ ಆ ಬಾಗಿಲನ್ನ ಅರ್ಧ ಮುಚ್ಚಿತ್ತು. ನೋವಿನ ಮಾತ್ರೆ ಇನ್ನರ್ಧ ಮುಚ್ತು. ಮೇಲಿಂದ ಈ ಉಪ್ಪು. ಎಷ್ಟು ಹಾಕ್ಕೋತಿದ್ರು?"

ಅತ್ತಿಗೆ ಸೆರಗಿನ ತುದಿಯಿಂದ ಒಲೆಯ ಕಟ್ಟೆ ಒರೆಸಿದರು.

"ಸಪ್ಪೆ ಸಪ್ಪೆ ಅಂತ ಮೇಲಿಂದ ಹಾಕ್ಕೋತಿದ್ರು. ಎರಡು ಚಮಚ, ಮೂರು ಚಮಚ. ನಾನು ತಡೀಲಿಲ್ಲ. ಬಿಪಿ ಬಂದಾಗಿಂದ ದಿನಾ ಉಪ್ಪಿನ ಡಬ್ಬ ಕಿತ್ಕೊಂಡು ಜಗಳ ಆಡಿದ್ದೇ ಆಡಿದ್ದು. ಈ ಉಪ್ಪು ಎಷ್ಟು ತಿಂದ್ರೂ ತೊಂದ್ರೆ ಇಲ್ಲ ಅಂತ ಹಾಕ್ಕೊಳ್ಳಿ ಬಿಡಿ ಅಂದೆ." ಅವರ ದನಿ ಇಳಿಯಿತು. "ಎಷ್ಟೋ ವರ್ಷದ ಮೇಲೆ ಜಗಳ ಇಲ್ದೆ ಕೂತು ಉಂಡ್ವಿ ಅಕ್ಕ. ಚೆನ್ನಾಗಿತ್ತು."

ನನ್ನ ತಮ್ಮ ಉಳಿದ ಎಂದು ನನ್ನ ಎದೆ ಕುಣಿಯಿತು. ಗಂಡನನ್ನು ತನ್ನ ಕೈಯಾರೆ ಕಳೆದುಕೊಂಡೆ ಎಂದು ಈಗಷ್ಟೇ ತಿಳಿದ ಹೆಂಗಸಿನ ಮುಂದೆ ನಿಂತು ನಾನು ಖುಷಿಪಟ್ಟೆ. ನಾಚಿಕೆಯಾಯಿತು. ನಾಚಿಕೆಯಾದದ್ದಕ್ಕೆ ಸಿಟ್ಟು ಬಂತು, ಆ ಸಿಟ್ಟು ಬೇರೆ ಯಾರ ಮೇಲೋ ತಿರುಗಿತು.

"ಎಷ್ಟು ತಿಂದ್ರೂ ತೊಂದ್ರೆ ಇಲ್ಲ ಅಂತ ನಿಮಗೆ ಯಾವ ಮೂರ್ಖ ಹೇಳಿದ್ದು? ಮನೇಲಿ ಯಾವ ಮಾತ್ರೆ ತಗೋತಾರೆ ಅಂತ ಒಂದು ಮಾತು ಕೇಳ್ದೆ ಮಾರಿದ್ದಾನಲ್ಲ, ಆ ಅಂಗಡಿಯವನ ಹೆಸರು ಹೇಳಿ. ನಾಲ್ಕು ಗಂಟೆ ಒಳಗೆ ಅವನ ಜುಟ್ಟು ಹಿಡಿದು ಸ್ಟೇಷನ್ನಿಗೆ ಎಳ್ಕೊಂಡು ಹೋಗ್ತೀನಿ."

ಅತ್ತಿಗೆ ನನ್ನ ಮುಖವನ್ನೇ ನೋಡಿದರು. ಆಮೇಲೆ ಗೂಡಿನಿಂದ ಅರ್ಧ ಖಾಲಿಯಾದ ಪ್ಯಾಕೆಟ್ಟೊಂದನ್ನು ತೆಗೆದು ನನ್ನ ಕೈಗಿಟ್ಟರು. ಅದರ ಮೇಲಿದ್ದದ್ದು ನನ್ನ ಅಂಗಡಿಯ ಚೀಟಿ.

"ನೀವೇ," ಎಂದರು.

ಅಡುಗೆಮನೆಯ ಗೋಡೆಗಳು ನನ್ನ ಹತ್ತಿರ ಬಂದಂತಾಯಿತು.

ನೆನಪಿಗೆ ಬರದೆ ಇರಲಿ ಎಂದುಕೊಂಡೆ, ಎಲ್ಲ ಬಂತು. ಎರಡು ತಿಂಗಳ ಹಿಂದೆ, ಸಂಜೆ ಹೊತ್ತು, ಕೌಂಟರಿನ ಮೇಲೆ ಬಗ್ಗಿ ನಾನೇ ಹೇಳಿದ್ದೆ: "ಇನ್ಮೇಲೆ ಉಪ್ಪಿನ ಜಗಳ ಬೇಡ ಅತ್ತಿಗೆ, ಇದು ಬಿಪಿಯವರಿಗೇ ಅಂತ ಮಾಡಿದ್ದು." ಆಗ ಬೇಕರಿಯಣ್ಣ ತೆಗೆದುಕೊಳ್ಳುತ್ತಿದ್ದದ್ದು ಹಳೆಯ ಮಾತ್ರೆ, ಅದರ ಜೊತೆ ಈ ಉಪ್ಪಿನಿಂದ ಇಂಥ ಅಪಾಯವಿರಲಿಲ್ಲ. ಆದರೂ ಎಷ್ಟು ಹಾಕಬೇಕೆಂದು ನಾನು ಹೇಳಲಿಲ್ಲ.

"ಹೋದ ಸೋಮವಾರ ಎರಡನೇ ಪ್ಯಾಕೆಟ್ಟು ತಂದೆ," ಎಂದರು ಅತ್ತಿಗೆ. "ಅದನ್ನೂ ನೀವೇ ಕೊಟ್ರಿ. ಯಾರ ಹತ್ರವೋ ಫೋನಲ್ಲಿ ಮಾತಾಡ್ತಾ ಕೊಟ್ರಿ."

ಹೋದ ಸೋಮವಾರಕ್ಕೆ ಮಾತ್ರೆ ಬದಲಾಗಿ ಎರಡು ವಾರವಾಗಿತ್ತು. ಬೆಳಗಿನ ಪಾಳಿಯಲ್ಲಿ ಗಂಡನಿಗೆ ಮಾತ್ರೆ ಕೊಟ್ಟವನು ನನ್ನ ತಮ್ಮ, ಸಂಜೆಯ ಪಾಳಿಯಲ್ಲಿ ಹೆಂಡತಿಗೆ ಉಪ್ಪು ಕೊಟ್ಟವಳು ನಾನು. ಅಕ್ಕ ತಮ್ಮ ರಾತ್ರಿ ಒಂದೇ ಮೇಜಿನಲ್ಲಿ ಉಣ್ಣುತ್ತೇವೆ, ಒಂದು ಮಾತು ಆಡಿಕೊಳ್ಳಲಿಲ್ಲ. ಪ್ಯಾಕೆಟ್ಟಿನ ಹಿಂದೆ ಇರುವೆ ಸಾಲಿನಂಥ ಅಕ್ಷರದಲ್ಲಿ ಎಚ್ಚರಿಕೆ ಅಚ್ಚಾಗಿತ್ತು: ಮೂತ್ರಪಿಂಡದ ತೊಂದರೆಯಿದ್ದರೆ, ಬಿಪಿಯ ಕೆಲವು ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ವೈದ್ಯರನ್ನು ಕೇಳಿ ಬಳಸಿ. ಇದನ್ನು ಓದಿ ಹೇಳುವುದಕ್ಕೇ ನನ್ನ ಅಂಗಡಿ ಇರುವುದು.

ನಾನು ಪ್ಯಾಕೆಟ್ಟು ನೋಡುತ್ತಿರುವಾಗ ಅತ್ತಿಗೆ ಜಾಡಿ ಎತ್ತಿಕೊಂಡು ನಲ್ಲಿ ತಿರುಗಿಸಿದರು.

"ಏನ್ಮಾಡ್ತಿದ್ದೀರ!"

"ಕರಗಿ ಹೋಗ್ಲಿ. ನಾನೇ ಕೊಂದೆ ಅಂತ ಊರೆಲ್ಲ ಮಾತಾಡೋದು ಬೇಡ. ನಮ್ಮಿಬ್ಬರಿಗಷ್ಟೇ ಗೊತ್ತಿರೋದು."

"ಅಲ್ಲಿ ನನ್ನ ತಮ್ಮ ಇದ್ದಾನೆ ಅತ್ತಿಗೆ!"

ಅವರ ಕೈಯಿಂದ ಜಾಡಿಯನ್ನು ಕಿತ್ತುಕೊಂಡೆ. ಸ್ವಲ್ಪ ಉಪ್ಪು ತೊಟ್ಟಿಯಲ್ಲಿ ಬಿದ್ದು ಕರಗಿತು. ಅವರು ಒದ್ದೆ ಕೈಯಲ್ಲೇ ನನ್ನ ಕಡೆ ತಿರುಗಿದರು.

"ನಿಮ್ಮ ತಮ್ಮ, ನಿಮ್ಮ ತಮ್ಮ! ಬೆಳಿಗ್ಗೆಯಿಂದ ಅದೇ ಕೇಳ್ತಿದ್ದೀನಿ. ನನ್ನ ಯಜಮಾನ್ರ ಬಗ್ಗೆ ಒಂದು ಮಾತು ಆಡಿದ್ರಾ ನೀವು?"

ಆಡಿರಲಿಲ್ಲ. ಆದರೆ ಮಾಡಬೇಕಾದದ್ದು ಏನೆಂದು ಸ್ಪಷ್ಟವಾಗಿತ್ತು. ಉಪ್ಪು ಕೊಟ್ಟವಳು ನಾನು, ಮರೆತವಳು ನಾನು ಎಂದು ಹೇಳಿಬಿಡಬೇಕು. ಅಂಗಡಿ ಹೋಗುತ್ತದೆ, ಲೈಸೆನ್ಸು ಹೋಗುತ್ತದೆ, ಪ್ರಾಯಶಃ ನಾನೂ ಒಳಗೆ ಹೋಗುತ್ತೇನೆ. ಹೋಗಲಿ. ತಮ್ಮ ಹೊರಗೆ ಬರುತ್ತಾನೆ.

ಮೆಟ್ಟಿಲ ಮೇಲೆ ಬೂಟಿನ ಸದ್ದಾಯಿತು. ಇನ್‌ಸ್ಪೆಕ್ಟರ್ ಕೈಯಲ್ಲಿ ಒಂದು ಹಾಳೆ ಹಿಡಿದು ಬಾಗಿಲಲ್ಲಿ ನಿಂತರು.

"ಮುಗೀತು ಅಕ್ಕ. ನಿಮ್ಮ ತಮ್ಮ ಬಾಯಿ ಬಿಟ್ಟ, ಸಹಿನೂ ಹಾಕಿದ."

"ಏನಂತ?"

ಅವರು ಓದಿದರು. "'ನಾನು ಮಾತ್ರೆ ಸರಿಯಾಗಿಯೇ ಕೊಟ್ಟೆ. ಬೇಕರಿ ಯಜಮಾನರ ಹೆಂಡತಿಗೆ ಪೊಟ್ಯಾಷಿಯಂ ಇರುವ ಬಿಪಿ ಉಪ್ಪು ಮಾರಿದವನೂ ನಾನೇ. ಎರಡು ಸಲ ಮಾರಿದೆ. ನಮ್ಮಕ್ಕನಿಗೆ ಈ ವಿಷಯ ಏನೂ ಗೊತ್ತಿಲ್ಲ.'"

ಆಗ ಗೊತ್ತಾಯಿತು, ಅವನು ಯಾಕೆ ಸುಮ್ಮನಿದ್ದ ಎಂದು. ಅಂಗಡಿಯ ಕಪಾಟಿನಲ್ಲಿ ಏನು ಕಡಿಮೆಯಾಗಿದೆ, ಅದನ್ನು ಯಾವ ಪಾಳಿಯಲ್ಲಿ ಯಾರು ಯಾರಿಗೆ ಮಾರಿದ್ದು ಎಂದು ಅವನಿಗೆ ಗೊತ್ತು. ತಾನು ಕೊಟ್ಟ ಮಾತ್ರೆ ಸರಿ ಎಂದು ಅವನು ಬಾಯಿ ತೆರೆದರೆ, ಹಾಗಾದರೆ ನಿಮ್ಮ ಅಂಗಡಿಯಿಂದ ಇನ್ನೇನು ಕೊಟ್ಟಿರಿ ಎಂಬ ಪ್ರಶ್ನೆ ಬರುತ್ತಿತ್ತು. ಆ ಪ್ರಶ್ನೆ ಬಂದು ನಿಲ್ಲುವುದು ನನ್ನ ಮುಂದೆ. ರಾತ್ರಿಯೆಲ್ಲ ಕೂತು ಲೆಕ್ಕ ಹಾಕಿ, ದಡ್ಡ, ನನ್ನ ಪಾಲನ್ನೂ ತನ್ನ ತಲೆಗೇ ಕಟ್ಟಿಕೊಂಡಿದ್ದ.

"ಇದು ಮರೆವು ಅಂತ ನಾನೂ ಅಂದುಕೊಳ್ತಿದ್ದೆ," ಎಂದರು ಇನ್‌ಸ್ಪೆಕ್ಟರ್. "ಆದ್ರೆ ಒಂದು ತಿಂಗಳಲ್ಲಿ ಮೇಲೆ ಹೋಗ್ತೀರ ಅಂತ ಏಳು ಜನರ ಮುಂದೆ ಹೇಳಿದೋನು ಅವನೇ. ಉಪ್ಪು ಕೊಟ್ಟೋನೂ ಅವನೇ. ಏನಾಗುತ್ತೆ ಅಂತ ತಿಳಿದೇ ಕೊಟ್ಟ ಹಾಗಾಯ್ತು. ಕೋರ್ಟಿಗೆ ಇನ್ನೇನು ಬೇಕು?" ಅವರು ಅತ್ತಿಗೆಯ ಕಡೆ ತಿರುಗಿದರು. "ಅಮ್ಮ, ಉಪ್ಪು ಕೊಟ್ಟಿದ್ದು ಅವನೇನಾ?"

"ನಾನು," ಎಂದೆ. "ಎರಡು ಸಲವೂ ಕೊಟ್ಟಿದ್ದು ನಾನು."

"ಅವನೇ," ಎಂದರು ಅತ್ತಿಗೆ. ಅವರ ದನಿ ನಡುಗಲಿಲ್ಲ. "ಎರಡು ಸಲವೂ ಅವನೇ ಕೊಟ್ಟಿದ್ದು."

"ಅತ್ತಿಗೆ! ಈಗಷ್ಟೇ ನೀವೇ ಹೇಳಿದ್ರಲ್ಲ! ಸರ್, ಸುಳ್ಳು ಹೇಳ್ತಿದ್ದಾರೆ. ಸಂಜೆ ಪಾಳಿ ನಂದು, ಯಾರನ್ನ ಬೇಕಾದ್ರೂ ಕೇಳಿ. ನಾನೇ ಕೊಟ್ಟಿದ್ದು ಸರ್!"

ಇನ್‌ಸ್ಪೆಕ್ಟರ್ ನನ್ನನ್ನು ನೋಡಿದ ರೀತಿಗೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು. ಅವರ ಮುಖದಲ್ಲಿದ್ದದ್ದು ಅನುಮಾನವಲ್ಲ, ಕನಿಕರ.

"ನಿಮ್ಮ ಜಾಗದಲ್ಲಿ ನಮ್ಮಕ್ಕ ಇದ್ರೂ ಹೀಗೇ ಹೇಳ್ತಿದ್ಲು," ಎಂದರು. ನನ್ನ ಕೈಯಿಂದ ಮೆಲ್ಲಗೆ ಜಾಡಿಯನ್ನೂ ಪ್ಯಾಕೆಟ್ಟನ್ನೂ ತೆಗೆದುಕೊಂಡರು. "ಅವನ ಸಹಿ ಇದೆ, ಈಗ ಅಮ್ಮನ ಮಾತೂ ಇದೆ. ನಾಲ್ಕು ಗಂಟೆಗೆ ಕೋರ್ಟಿನ ಹತ್ರ ಬನ್ನಿ, ದೂರದಿಂದ ನೋಡೋಕೆ ಬಿಡ್ತೀನಿ."

ಬೂಟಿನ ಸದ್ದು ಹದಿನಾಲ್ಕು ಮೆಟ್ಟಿಲು ಇಳಿಯಿತು. ನಾನು ಅತ್ತಿಗೆಯ ತೋಳು ಹಿಡಿದೆ.

"ಯಾಕೆ ಅತ್ತಿಗೆ?"

ಅವರು ನನ್ನ ಕೈಯನ್ನು ಒಂದೊಂದೇ ಬೆರಳಾಗಿ ಬಿಡಿಸಿದರು. ತೊಟ್ಟಿಯ ಮುಂದೆ ನಿಂತು ಎರಡು ದಿನದ ಪಾತ್ರೆಗಳನ್ನು ತೊಳೆಯತೊಡಗಿದರು.

"ನಿಮಗೆ ಶಿಕ್ಷೆ ಆದ್ರೆ ನೀವು ಅನುಭವಿಸಿ ಮುಗಿಸ್ತೀರ," ಎಂದರು, ತಿರುಗದೆಯೇ. "ನನ್ನ ಹಾಗೆ ಒಬ್ಬರನ್ನ ಕಳ್ಕೊಂಡು ನೋಡಿ, ಅಕ್ಕ."